ಎತ್ತಿದ ಕೈ

ಅಡುಗೆಯಲ್ಲಿ ಆಕೆ ಎತ್ತಿದ ಕೈ, ರಂಗೋಲಿಯಲ್ಲಿ ಈಕೆ ಎತ್ತಿದ ಕೈ ಎಂದು ನಾವು ಹೊಗಳುವುದುಂಟು. ನಮ್ಮ ಮಾತಿನಲ್ಲಿ ಎತ್ತಿದ ಕೈ ಎಂದರೆ ನಿಪುಣತೆಯ ಗುರುತು. ಆದರೆ ಎತ್ತಿದ ಕೈಗೆ ಇನ್ನೊಂದು ಅರ್ಥವೂ ಇದೆ, ಅದರ ಲೆಕ್ಕ ಬರೆದಿಡುವವರೂ ಇದ್ದಾರೆ ಎಂಬುದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಅದೂ ಅಮೆರಿಕದ ಒಂದು ಹಿಮದ ಊರಿನಲ್ಲಿ.

2019ರ ಡಿಸೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ದೀರ್ಘ ರಜೆ ಹಾಕಿ ಹೋಗಿದ್ದೆ. ಅವಳು ಇದ್ದದ್ದು ಅಯೋವಾ ರಾಜ್ಯದ ಏಮ್ಸ್ ಎಂಬ ಊರಿನಲ್ಲಿ. "ಏಮ್ಸ್‌ಗೆ ಹೋಗ್ತಿದೀನಿ" ಎಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಗಾಬರಿಯಾಗಿ, "ಯಾಕೆ ಮೇಡಂ, ಏನಾಯ್ತು?" ಎಂದು ಸುತ್ತುಗಟ್ಟಿದ್ದರು. ದೆಹಲಿಯ ದೊಡ್ಡಾಸ್ಪತ್ರೆ ಎಂದುಕೊಂಡಿದ್ದರು ಪಾಪ. ಈ ಏಮ್ಸ್ ವಿಶ್ವವಿದ್ಯಾನಿಲಯ ಇರುವ ಒಂದು ಊರು. ಬೇಸಿಗೆಯಲ್ಲಿ ಸುತ್ತಮುತ್ತ ಕಣ್ಣು ಹಾಯುವವರೆಗೆ ಮುಸುಕಿನ ಜೋಳವಂತೆ. ನಾನು ಕಂಡದ್ದು ಬರೀ ಬಿಳುಪು.

ಪಕ್ಕದ ಮನೆಯಲ್ಲಿ ಎಂಬತ್ತರ ಹತ್ತಿರದ ಒಬ್ಬ ಹೆಂಗಸಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ನಾನೂ ಟೀಚರು ಎಂದು ತಿಳಿದದ್ದೇ ತಡ, ಮಗುವಿಗೆ ಒಂದು ಉಲ್ಲನ್ ಟೋಪಿ ಹೆಣೆದು ತಂದರು. ನನ್ನ ಬಿ.ಎ. ಇಂಗ್ಲಿಷು ಎರಡು ದಿನ ತಡವರಿಸಿತು. ಆಮೇಲೆ ಹೆಡ್‌ಮಾಸ್ಟರು, ಓದದ ಮಕ್ಕಳು, ತಿದ್ದಿ ಮುಗಿಯದ ಉತ್ತರ ಪತ್ರಿಕೆಗಳ ಮಾತು ಬಂದಾಗ ಭಾಷೆ ತಾನಾಗಿಯೇ ಹರಿಯಿತು. ಆ ಕಷ್ಟಗಳು ಎಲ್ಲ ದೇಶದಲ್ಲೂ ಒಂದೇ.

ಅವರ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ಸ್ಕೇಲು ಇಟ್ಟು ಗೆರೆ ಎಳೆದು ಮನೆ ಮಾಡಿದ ಹಾಳೆ. ಎಡಗಡೆ ಆರು ಹೆಸರು. ಮೇಲ್ಗಡೆ 1991, 2001, 2002 ಎಂಬ ಮೂರು ಇಸವಿ. ಕೆಲವು ಮನೆಗಳಲ್ಲಿ 'ಹೌದು', ಕೆಲವದರಲ್ಲಿ 'ಇಲ್ಲ', ಬಹುಪಾಲು ಮನೆಗಳಲ್ಲಿ ಅಡ್ಡಗೆರೆ.

"ಇದು ಯಾವ ಕ್ಲಾಸಿನ ಮಾರ್ಕ್ಸ್ ಲಿಸ್ಟು?" ಎಂದೆ ತಮಾಷೆಗೆ.

ಅವರು ನಗಲಿಲ್ಲ. "ಅಧ್ಯಕ್ಷರಾಗಬೇಕು ಎನ್ನುವವರದು. ಯುದ್ಧಕ್ಕೆ ಹೋಗೋಣವೇ ಎಂದು ಕೇಳಿದಾಗ ಯಾರು ಏನು ಹೇಳಿದರು ಎಂದು ಬರೆದಿದ್ದೇನೆ. ಬೇರೆ ಮಾತುಗಳನ್ನು ಅವರು ಚುನಾವಣೆಗೊಂದು ಸಲ ಬದಲಾಯಿಸಿಕೊಳ್ಳಬಹುದು. ಇದನ್ನು ಅಳಿಸುವುದಕ್ಕೆ ಆಗುವುದಿಲ್ಲ" ಎಂದರು.

ನಮ್ಮ ಓದುಗರಿಗೆ ಇಲ್ಲಿ ಎರಡು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ಯಾರಿಗೆ ಟಿಕೆಟ್ ಎಂಬುದನ್ನು ದೆಹಲಿಯವರೋ ಬೆಂಗಳೂರಿನವರೋ ತೀರ್ಮಾನಿಸುತ್ತಾರೆ. ಅಮೆರಿಕದಲ್ಲಿ ಅದನ್ನು ಪಕ್ಷದ ಕಡೆಯ ಸಾಮಾನ್ಯ ಮತದಾರರೇ ರಾಜ್ಯ ರಾಜ್ಯಗಳಲ್ಲಿ ಮತ ಹಾಕಿ ತೀರ್ಮಾನಿಸುತ್ತಾರೆ. ಅದೇ ಪ್ರೈಮರಿ. ಅಯೋವಾದಲ್ಲಿ ಡೆಮಾಕ್ರಟಿಕ್ ಪಕ್ಷದವರು ಆಗ ಮತಪೆಟ್ಟಿಗೆ ಇಡದೆ ಜನರನ್ನು ಒಂದೆಡೆ ಸೇರಿಸಿ ಎಣಿಸುತ್ತಿದ್ದರು. ಅದಕ್ಕೆ ಕಾಕಸ್ ಎಂದು ಹೆಸರು. ಇನ್ನೊಂದು, ಅವರ ಸಂವಿಧಾನ ಯುದ್ಧ ಸಾರುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿಲ್ಲ, ಅವರ ಸಂಸತ್ತಾದ ಕಾಂಗ್ರೆಸ್ಸಿಗೆ ಕೊಟ್ಟಿದೆ. 1942ರ ಬಳಿಕ ಅವರು ವಿಧಿವತ್ತಾಗಿ ಯುದ್ಧ ಸಾರಿಲ್ಲವಾದರೂ ಬಲ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ನಿರ್ಣಯಗಳು ಮತಕ್ಕೆ ಬಂದಿವೆ. ಯಾರು ಹೌದೆಂದರು, ಯಾರು ಇಲ್ಲವೆಂದರು ಎಂಬುದು ಹೆಸರು ಸಮೇತ ದಾಖಲಾಗುತ್ತದೆ. ನಮ್ಮಲ್ಲಿ ಯುದ್ಧಕ್ಕೆ ಮುಂಚೆ ಸಂಸತ್ತಿನಲ್ಲಿ ಮತ ಹಾಕಿಸಲೇಬೇಕೆಂಬ ಕಟ್ಟಳೆ ಸಂವಿಧಾನದಲ್ಲಿಲ್ಲ. ಆದ್ದರಿಂದ ನಮ್ಮ ಸಂಸದರನ್ನು ಹೀಗೆ ಮನೆ ಮಾಡಿ ಬರೆದಿಡುವ ಪ್ರಶ್ನೆಯೇ ಬರುವುದಿಲ್ಲ.

ಆ ಹಾಳೆಯಲ್ಲಿ ಮೂರೂ ಮನೆ ತುಂಬಿದ್ದವರು ಇಬ್ಬರೇ. ಜೋ ಬೈಡನ್ ಮತ್ತು ಬರ್ನಿ ಸ್ಯಾಂಡರ್ಸ್. 1991ರ ಕೊಲ್ಲಿ ಯುದ್ಧಕ್ಕೆ ಇಬ್ಬರೂ ಇಲ್ಲವೆಂದಿದ್ದರು. 2001ರ ಸೆಪ್ಟೆಂಬರ್ ದಾಳಿಯ ನಂತರದ ನಿರ್ಣಯಕ್ಕೆ ಇಬ್ಬರೂ ಹೌದೆಂದಿದ್ದರು. 2002ರ ಅಕ್ಟೋಬರಿನಲ್ಲಿ ಇರಾಕಿನ ಪ್ರಶ್ನೆ ಬಂದಾಗ ದಾರಿ ಬೇರೆಯಾಯಿತು. ಬೈಡನ್ ಹೌದೆಂದರು, ಸ್ಯಾಂಡರ್ಸ್ ಇಲ್ಲವೆಂದರು. ಆ ಸಲ ಕೆಳಮನೆಯಲ್ಲಿ 296ಕ್ಕೆ 133, ಸೆನೆಟ್ಟಿನಲ್ಲಿ 77ಕ್ಕೆ 23 ಮತಗಳಿಂದ ನಿರ್ಣಯ ಗೆದ್ದಿತು. 2003ರ ಮಾರ್ಚಿನಲ್ಲಿ ಸೈನ್ಯ ಇರಾಕಿನೊಳಕ್ಕೆ ನುಗ್ಗಿತು. ಯಾವ ಘೋರ ಅಸ್ತ್ರಗಳ ಹೆಸರು ಹೇಳಿ ಹೋಗಿದ್ದರೋ ಆ ಅಸ್ತ್ರಗಳ ದಾಸ್ತಾನು ಸಿಗಲೇ ಇಲ್ಲ. ಸುಮಾರು 4,500 ಅಮೆರಿಕನ್ ಸೈನಿಕರೂ ಲಕ್ಷಕ್ಕೂ ಮೀರಿದ ಇರಾಕಿ ಜನಸಾಮಾನ್ಯರೂ ಸತ್ತರು.

ಅವರ ಕಿರಿಯ ಮಗ ಅಲ್ಲಿ ಸೈನ್ಯದ ಲಾರಿ ಓಡಿಸಿ ಬಂದವನು. ಜೀವ ಉಳಿಸಿಕೊಂಡು ಬಂದ. ಒಂದು ಕಿವಿ ಕೇಳಿಸುವುದಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಕೂರಲಾರ. ಊಟಕ್ಕೆ ಬಂದರೆ ಗೋಡೆಗೆ ಒರಗಿದ ಕುರ್ಚಿಯೇ ಆಗಬೇಕು. ಮೊದಲ ದಿನ ನಾನು ತಿಳಿಯದೆ ಆ ಕುರ್ಚಿಯಲ್ಲಿ ಕೂತಿದ್ದೆ. ಆತ ಏನೂ ಹೇಳದೆ ನಿಂತುಕೊಂಡೇ ಕಾಫಿ ಕುಡಿದು ಹೋದ. ಈ ಹಾಳೆ ಯಾಕೆ ಫ್ರಿಜ್ಜಿನ ಮೇಲಿದೆ ಎಂಬುದು ನನಗೆ ಆಮೇಲೆ ಅರ್ಥವಾಯಿತು.

ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನದ ಪತ್ರಿಕೆ ತಿದ್ದಿದ ಕೈ ನನ್ನದು. ಸುಮ್ಮನಿರಲು ಆಗಲಿಲ್ಲ. "ಈ ನಾಲ್ವರಿಗೆ ಅಡ್ಡಗೆರೆ ಹಾಕಿದ್ದೀರಲ್ಲ, ಅವರಿಗೆ ಅಂಕ ಹೇಗೆ?" ಎಂದು ಕೇಳಿದೆ. ಎಲಿಜಬೆತ್ ವಾರನ್, ಏಮಿ ಕ್ಲೋಬುಚಾರ್, ಪೀಟ್ ಬುಟಿಜಜ್, ಟಾಮ್ ಸ್ಟೈಯರ್ ಇವರು ಯಾರೂ ಆಗ ಕಾಂಗ್ರೆಸ್ಸಿನಲ್ಲಿ ಇರಲಿಲ್ಲ. ಪರೀಕ್ಷೆಗೆ ಗೈರುಹಾಜರಾದವರು. ಗೈರಾದವನನ್ನು ಪಾಸೆಂದು ಬರೆಯುವುದಾದರೆ ಹಾಜರಾಗಿ ಬರೆದವನ ಗತಿ ಏನು?

ಅವರು ಡ್ರಾಯರಿನಿಂದ ಇನ್ನೊಂದು ಹಳೆಯ ಹಾಳೆ ತೆಗೆದರು. 2008ರದು. ಅದರಲ್ಲಿ ಹಿಲರಿ ಕ್ಲಿಂಟನ್, ಜಾನ್ ಎಡ್ವರ್ಡ್ಸ್, ಬೈಡನ್, ಕ್ರಿಸ್ ಡಾಡ್ ನಾಲ್ವರಿಗೂ 'ಹೌದು'. ಡೆನಿಸ್ ಕುಸಿನಿಚ್ ಒಬ್ಬರಿಗೆ 'ಇಲ್ಲ'. ಬರಾಕ್ ಒಬಾಮಾ ಮುಂದೆ ಅಡ್ಡಗೆರೆ. 2002ರ ಅಕ್ಟೋಬರ್ 2ರಂದು ಷಿಕಾಗೋದ ಸಭೆಯಲ್ಲಿ ಅವರು ಯುದ್ಧವನ್ನು ವಿರೋಧಿಸಿ ಮಾತಾಡಿದ್ದು ನಿಜ. ಆದರೆ ಆಗ ಅವರು ಇಲಿನಾಯ್ ರಾಜ್ಯದ ಶಾಸಕರು. ಮತ ಹಾಕುವ ಕಷ್ಟ ಅವರಿಗಿರಲಿಲ್ಲ. ಅಯೋವಾದವರು ಆ ಸಲ ಅವರನ್ನೇ ಮೊದಲನೆಯವರಾಗಿ ಆರಿಸಿದರು. ಗೆದ್ದ ಒಬಾಮಾ ತಮ್ಮ ಉಪಾಧ್ಯಕ್ಷರಾಗಿ ಆರಿಸಿಕೊಂಡದ್ದು ಯಾರನ್ನು? ಹೌದೆಂದಿದ್ದ ಬೈಡನ್ನರನ್ನು. ವಿದೇಶಾಂಗ ಕಾರ್ಯದರ್ಶಿಯಾಗಿ? ಹೌದೆಂದಿದ್ದ ಕ್ಲಿಂಟನ್‌ರನ್ನು. "ನಾನು ಫೇಲು ಮಾಡಿದವರನ್ನೆಲ್ಲ ಅವರು ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡಿದರು" ಎಂದು ಆಕೆ ಮೊದಲ ಸಲ ನಕ್ಕರು.

ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುವಾಗ, ಮಲಗಿಸುವಾಗ ನನಗೆ ಇದೇ ಯೋಚನೆ. ಒಂದು ಮತವನ್ನು ಇಟ್ಟುಕೊಂಡು ಮನುಷ್ಯನನ್ನು ಅಳೆಯುವುದು ಸರಿಯೇ? ಪರೀಕ್ಷೆ ಮುಗಿದು ವರ್ಷಗಳಾದ ಮೇಲೆ ಸಿದ್ಧವಾದ ಮಾದರಿ ಉತ್ತರ ಕೈಯಲ್ಲಿಟ್ಟುಕೊಂಡು ತಿದ್ದುವುದು ಸುಲಭ. ಇಲ್ಲ ಎಂದದ್ದೇ ಯಾವಾಗಲೂ ಸರಿ ಎನ್ನುವಂತೆಯೂ ಇಲ್ಲ. ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಬಂದ ಮೊದಲ ಹೆಂಗಸು ಜೆನೆಟ್ ರ‍್ಯಾಂಕಿನ್. 1917ರಲ್ಲಿ ಮೊದಲ ಮಹಾಯುದ್ಧಕ್ಕೆ ಇಲ್ಲವೆಂದ ಐವತ್ತು ಮಂದಿಯಲ್ಲಿ ಆಕೆ ಒಬ್ಬರು. 1941ರ ಡಿಸೆಂಬರ್ 8ರಂದು, ಪರ್ಲ್ ಹಾರ್ಬರಿನ ಮಾರನೆಯ ದಿನ, ಕೆಳಮನೆಯ 388 ಮಂದಿ ಹೌದೆಂದಾಗ ಆಕೆ ಒಬ್ಬರೇ ಇಲ್ಲವೆಂದರು. ಹೊರಗೆ ಬಂದಾಗ ಜನ ಮುತ್ತಿಕೊಂಡು, ಟೆಲಿಫೋನ್ ಬೂತಿನೊಳಗೆ ಹೊಕ್ಕು ಪೊಲೀಸರಿಗಾಗಿ ಕಾಯಬೇಕಾಯಿತು. ಗಾಂಧೀಜಿಯನ್ನು ಮೆಚ್ಚಿದ್ದ ಆಕೆ ಮುಂದೆ ಹಲವು ಸಲ ನಮ್ಮ ದೇಶಕ್ಕೂ ಬಂದು ಹೋದರು. ಎರಡನೆಯ ಮಹಾಯುದ್ಧದ ಪಾಠದಲ್ಲಿ ಇದನ್ನು ಹೇಳಿದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಎಲ್ರೂ ಅವರ ಥರಾನೇ ಅಂದಿದ್ರೆ ಹಿಟ್ಲರ್ ಗೆಲ್ತಿರ್ಲಿಲ್ವಾ?" ಎಂದು ಕೇಳಿದ್ದಳು. ನಾನು ಏನೋ ಹಾರಿಕೆಯ ಉತ್ತರ ಕೊಟ್ಟು ಗಂಟೆ ಹೊಡೆದದ್ದೇ ಬಚಾವೆಂದು ಬಂದಿದ್ದೆ.

ಇಲ್ಲವೆಂದವರಿಗೆ ಜನ ಬಹುಮಾನ ಕೊಟ್ಟದ್ದೂ ಕಡಿಮೆ. 1964ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ದಾರಿ ಮಾಡಿದ ನಿರ್ಣಯಕ್ಕೆ ಸೆನೆಟ್ಟಿನಲ್ಲಿ ಇಲ್ಲವೆಂದವರು ಇಬ್ಬರೇ, ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. ಇಬ್ಬರೂ 1968ರಲ್ಲಿ ಸೋತರು. ಗ್ರೂನಿಂಗ್ ಸೋತದ್ದು ಸ್ವಂತ ಪಕ್ಷದ ಪ್ರೈಮರಿಯಲ್ಲೇ. 2001ರ ನಿರ್ಣಯಕ್ಕೆ ಕೆಳಮನೆಯ 420 ಮಂದಿ ಹೌದೆಂದಾಗ ಬಾರ್ಬರಾ ಲೀ ಒಬ್ಬರೇ ಇಲ್ಲವೆಂದರು. ಕೊಲೆ ಬೆದರಿಕೆ ಬಂದು ಪೊಲೀಸ್ ಕಾವಲಿನಲ್ಲಿ ಇರಬೇಕಾಯಿತು. ಅವರನ್ನು ಮೆಚ್ಚಿ ಬರೆದವರು ಆಮೇಲೆ ಎಷ್ಟೋ ಜನ. ಆದರೂ 2024ರಲ್ಲಿ ಕ್ಯಾಲಿಫೋರ್ನಿಯಾದ ಸೆನೆಟ್ ಸ್ಥಾನದ ಪ್ರೈಮರಿಗೆ ನಿಂತಾಗ ಅವರಿಗೆ ಸಿಕ್ಕಿದ್ದು ನಾಲ್ಕನೆಯ ಜಾಗ.

ಹಾಗಾದರೆ ಲೆಕ್ಕ ಇಡುವುದು ವ್ಯರ್ಥವೇ? ಗಣಿತದ ಮೇಷ್ಟ್ರುಗಳು ಕೊನೆಯ ಉತ್ತರ ತಪ್ಪಾದರೂ ಹಂತಗಳಿಗೆ ಅಂಕ ಕೊಡುತ್ತಾರೆ. ಈ ಮತಗಳಲ್ಲೂ ಹಂತಗಳಿವೆ ಎಂದು ನನಗೆ ತೋರಿತು. 2002ರ ಮತದಾನಕ್ಕೆ ಮುಂಚೆ ಇರಾಕಿನ ಅಸ್ತ್ರಗಳ ಬಗ್ಗೆ ತೊಂಬತ್ತಕ್ಕೂ ಹೆಚ್ಚು ಪುಟದ ಗುಪ್ತ ವರದಿಯೊಂದು ಸೆನೆಟ್ಟಿಗೆ ಬಂದಿತ್ತು. ಬೀಗ ಹಾಕಿದ ಕೋಣೆಗೆ ಹೋಗಿ ಓದಬೇಕು. ಮುನ್ನುಡಿಯ ಸಾರಾಂಶದಲ್ಲಿ ಖಚಿತವಾಗಿ ಹೇಳಿದ್ದಕ್ಕೆ ಒಳಪುಟಗಳಲ್ಲಿ ಸಂದೇಹಗಳಿದ್ದವು. ಬಾಬ್ ಗ್ರಹಾಂ ಎಂಬ ಸೆನೆಟರು ಪೂರ್ತಿ ಓದಿ, ಓದಿ ಎಂದು ಇತರರಿಗೂ ಹೇಳಿ, ಇಲ್ಲವೆಂದು ಮತ ಹಾಕಿದರು. ಪೂರ್ತಿ ಓದಿದವರು ಬೆರಳೆಣಿಕೆಯ ಮಂದಿ ಎಂದು ಪತ್ರಿಕೆಗಳು ಆಮೇಲೆ ಬರೆದವು. 2007ರಲ್ಲಿ ಓದಿದ್ದಿರಾ ಎಂದು ಕೇಳಿದಾಗ ಕ್ಲಿಂಟನ್, ಬಲ್ಲವರು ನನಗೆ ವಿವರಿಸಿದ್ದರು ಎಂದರು. ಅಂದರೆ ಓದಿರಲಿಲ್ಲ. ಹೌದೋ ಇಲ್ಲವೋ ಆಮೇಲಿನ ಮಾತು. ಓದಿ ಹೇಳಿದರೇ, ಓದದೆ ಹೇಳಿದರೇ ಎಂಬುದಕ್ಕೆ ಮೊದಲ ಅಂಕ.

ಇದನ್ನು ಬರೆಯುವಾಗ ನನ್ನ ಕೈ ತುಸು ತಡೆಯುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

2020ರ ಜನವರಿ 3ರಂದು ಬಾಗ್ದಾದಿನ ವಿಮಾನ ನಿಲ್ದಾಣದ ಬಳಿ ಇರಾನಿನ ಸೇನಾಧಿಕಾರಿ ಸುಲೈಮಾನಿಯವರನ್ನು ಅಮೆರಿಕ ಕೊಂದಿತು. ಐದು ದಿನಕ್ಕೆ ಇರಾನ್ ಇರಾಕಿನಲ್ಲಿದ್ದ ಅಮೆರಿಕದ ನೆಲೆಗೆ ಕ್ಷಿಪಣಿ ಬಿಟ್ಟಿತು. ಮತ್ತೆ ಯುದ್ಧವೇ ಎಂದು ಎಲ್ಲರ ಬಾಯಲ್ಲೂ ಅದೇ. ಜನವರಿ 14ರ ರಾತ್ರಿ ಅಲ್ಲಿಂದ ಅರ್ಧ ಗಂಟೆಯ ದಾರಿಯ ಡಿಮಾಯ್ನ್ ನಗರದಲ್ಲಿ ಆರೂ ಮಂದಿಯ ಚರ್ಚೆ. ಪಕ್ಕದ ಮನೆಯಲ್ಲೇ ಕೂತು ಟಿ.ವಿ.ಯಲ್ಲಿ ನೋಡಿದೆ. ಮೊದಲಿಗೇ ಇರಾಕಿನ ಮತದ ಮಾತು ಬಂತು. ಸ್ಯಾಂಡರ್ಸ್, ನಾವಿಬ್ಬರೂ ಅದೇ ಮಾತುಗಳನ್ನೇ ಕೇಳಿಸಿಕೊಂಡೆವು, ನಾನು ನಂಬಲಿಲ್ಲ ಎಂಬರ್ಥದಲ್ಲಿ ಹೇಳಿದರು. ಬೈಡನ್ ಅದು ತಪ್ಪಾಗಿತ್ತು ಎಂದು ಒಪ್ಪಿದರು. ಅವರು ಆ ಮಾತು ಹೇಳಿದ್ದು ಅದೇ ಮೊದಲಲ್ಲ, 2005ರಲ್ಲೇ ಹೇಳಿದ್ದರು. ಅಧ್ಯಕ್ಷ ಬುಷ್ ಆ ಅಧಿಕಾರವನ್ನು ಸರಿಯಾಗಿ ಬಳಸುತ್ತಾರೆ ಎಂದು ನಂಬಿದ್ದು ತಪ್ಪು, ಎಂದು ಅವರ ವಿವರಣೆ. 2019ರಲ್ಲಿ ಒಮ್ಮೆ, ಯುದ್ಧ ಶುರುವಾದ ಕ್ಷಣದಿಂದಲೇ ವಿರೋಧಿಸಿದ್ದೆ ಎಂದುಬಿಟ್ಟು, ಆಮೇಲೆ ಬಾಯಿತಪ್ಪಿ ಹೇಳಿದೆ ಎಂದು ತಿದ್ದಿಕೊಂಡದ್ದೂ ಇದೆ.

"ಕೇಳಿದಿರಾ?" ಎಂದರು ಆಕೆ. "ಇನ್ನೊಬ್ಬರನ್ನು ನಂಬಿದ್ದು ತಪ್ಪಂತೆ. ಅದು ಯಾರ ತಪ್ಪು? ಪಕ್ಕದವನ ಉತ್ತರ ನೋಡಿ ಬರೆದ ಹುಡುಗ, ಅವನು ತಪ್ಪು ಬರೆದಿದ್ದ ಮಿಸ್ ಅಂದಹಾಗೆ."

ಗೋಡೆಯ ಕುರ್ಚಿಯಲ್ಲಿದ್ದ ಮಗ ಅಷ್ಟು ಹೊತ್ತೂ ಸುಮ್ಮನಿದ್ದವನು, "ಅವರ ಮಗನೂ ಅಲ್ಲಿಗೆ ಬಂದಿದ್ದ ಅಮ್ಮ" ಎಂದ. ಬೈಡನ್ನರ ಹಿರಿಯ ಮಗ ಬೋ 2008–09ರಲ್ಲಿ ಇರಾಕಿನಲ್ಲಿ ಸೇವೆ ಮಾಡಿದ್ದರು. 2015ರಲ್ಲಿ ಮೆದುಳಿನ ಕ್ಯಾನ್ಸರಿನಿಂದ ತೀರಿಕೊಂಡರು. "ನನ್ನನ್ನು ಕಳಿಸಿದವರಲ್ಲಿ ತಪ್ಪಾಯಿತು ಅಂತ ನನಗೆ ಕೇಳಿಸುವ ಹಾಗೆ ಹೇಳಿದವರು ಎಷ್ಟು ಜನ? ಅರ್ಧ ಹೇಳಿದರೂ ಹೇಳಿದರಲ್ಲ." ತಾಯಿ ಉತ್ತರ ಕೊಡಲಿಲ್ಲ. ಟಿ.ವಿ. ಸದ್ದು ಕಡಿಮೆ ಮಾಡಿ ಅವನಿಗೆ ಇನ್ನೊಂದು ಚೂರು ಕೇಕು ಹಾಕಿದರು.

ಫೆಬ್ರವರಿ 3ರ ಸಂಜೆ ಏಳಕ್ಕೆ ಕಾಕಸ್. ಹತ್ತಿರದ ಶಾಲೆಯ ಒಳಾಂಗಣದ ಆಟದ ಮೈದಾನ. ನೋಡುವವರು ಪಕ್ಕದ ಮೆಟ್ಟಿಲುಗಳ ಮೇಲೆ ಕೂರಬಹುದು ಎಂದು ನನ್ನನ್ನೂ ಕರೆದುಕೊಂಡು ಹೋದರು. ಗೋಡೆಗೆ ಒಬ್ಬೊಬ್ಬರ ಹೆಸರಿನ ಫಲಕ. ಜನ ತಮಗೆ ಬೇಕಾದವರ ಫಲಕದ ಕೆಳಗೆ ಹೋಗಿ ನಿಲ್ಲಬೇಕು. ನಾವು ಚಿಕ್ಕಂದಿನಲ್ಲಿ ಆಡುತ್ತಿದ್ದ ಕಂಬದಾಟದ ಹಾಗೆ! ಗುಟ್ಟೇನೂ ಇಲ್ಲ. ಗಂಡ ಒಂದು ಮೂಲೆ, ಹೆಂಡತಿ ಇನ್ನೊಂದು ಮೂಲೆ. ಶೇಕಡಾ 15ರಷ್ಟು ಜನ ಸೇರದ ಮೂಲೆಯವರು ಬೇರೆ ಮೂಲೆಗೆ ಹೋಗಬೇಕು, ಇಲ್ಲವೇ ಮನೆಗೆ.

ತಾಯಿ ಹಾಳೆಯನ್ನು ನಾಲ್ಕಾಗಿ ಮಡಿಚಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಸ್ಯಾಂಡರ್ಸ್ ಫಲಕದ ಕೆಳಗೆ ನಿಂತರು. ಅವರ ಸುತ್ತ ಕಾಲೇಜು ಹುಡುಗರ ಗದ್ದಲ. ಮಗ ಬೈಡನ್ ಫಲಕದ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ನಿಂತ. ಎಣಿಕೆಯಾಯಿತು. ಬೈಡನ್ ಮೂಲೆಯಲ್ಲಿ ಜನ ಸಾಲಲಿಲ್ಲ. ಬೇರೆ ಮೂಲೆಯವರು ಬಾ ಬಾ ಎಂದು ಕರೆಯತೊಡಗಿದರು. ತಾಯಿಯೂ ಅವನನ್ನೇ ನೋಡುತ್ತಿದ್ದರು, ಕರೆಯಲಿಲ್ಲ. ಅವನು ಯಾರ ಕಡೆಗೂ ಹೋಗದೆ ಜಾಕೆಟ್ಟಿನ ಜಿಪ್ಪು ಎಳೆದುಕೊಂಡು ಹೊರಗೆ ನಡೆದ. ಎಲ್ಲ ಮುಗಿದು ನಾವು ಬಂದಾಗ ಗಾಡಿಯನ್ನು ಬೆಚ್ಚಗೆ ಮಾಡಿ ಇಟ್ಟುಕೊಂಡು ಕಾಯುತ್ತಿದ್ದ. ದಾರಿಯಲ್ಲಿ ಯಾರೂ ಚುನಾವಣೆಯ ಮಾತೆತ್ತಲಿಲ್ಲ. ಆ ರಾತ್ರಿ ಎಣಿಕೆಯ ಆ್ಯಪ್ ಕೆಟ್ಟು ಇಡೀ ರಾಜ್ಯದ ಫಲಿತಾಂಶವೇ ಬರಲಿಲ್ಲ. ದಿನಗಳಾದ ಮೇಲೆ ಬಂದಾಗ ಬುಟಿಜಜ್ ಮತ್ತು ಸ್ಯಾಂಡರ್ಸ್ ಹೆಚ್ಚುಕಡಿಮೆ ಸಮಸಮ, ಬೈಡನ್ ನಾಲ್ಕನೆಯವರು. ಆ ನಾಲ್ಕನೆಯವರೇ ಮುಂದೆ ಅಧ್ಯಕ್ಷರಾದದ್ದು ಎಲ್ಲರಿಗೂ ಗೊತ್ತು. 2004ರ ಜಾನ್ ಕೆರಿ, 2016ರ ಕ್ಲಿಂಟನ್, 2020ರ ಬೈಡನ್, ಮೂವರೂ ಆ 77ರಲ್ಲಿ ಸೇರಿದವರು. ಲೆಕ್ಕ ಇಟ್ಟವರು ಪ್ರತಿ ಸಲ ಗೆಲ್ಲಲಿಲ್ಲ.

ಈಗ ನನ್ನ ಕೈಯ ಮಾತು.

2006ರಲ್ಲಿ ನಾನಿದ್ದ ಹೈಸ್ಕೂಲಿನಲ್ಲಿ ಪರೀಕ್ಷಾ ಶುಲ್ಕದ ಹಣ ಕಾಣೆಯಾಯಿತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗನ ಮೇಲೆ ಅನುಮಾನ ಬಂತು. ಆಫೀಸು ಗುಡಿಸಲು ಅವನನ್ನೇ ಕಳಿಸುತ್ತಿದ್ದುದು. ಹೆಡ್‌ಮಾಸ್ಟರು ಮೀಟಿಂಗ್ ಕರೆದು, ಅವನಿಗೆ ಟಿ.ಸಿ. ಕೊಡೋಣ, ಒಪ್ಪುವವರು ಕೈ ಎತ್ತಿ ಎಂದರು. ಫೈಲು ಕೈಯಿಂದ ಕೈಗೆ ಬಂತು. ಅದರೊಳಗೆ ಹುಡುಗ ಬರೆದುಕೊಟ್ಟ ಹೇಳಿಕೆಯಿತ್ತು. ನನ್ನ ಮುಂದೆ ಬರೆಯಬೇಕಾದ ಅಂಕಪಟ್ಟಿಗಳ ರಾಶಿ. ತೆರೆಯದೆ ಪಕ್ಕದವರಿಗೆ ದಾಟಿಸಿ ಕೈ ಎತ್ತಿದೆ. ಹನ್ನೊಂದು ಕೈಗಳು ಎದ್ದವು. ಬೇಸಿಗೆ ರಜೆಯಲ್ಲಿ ಸುಣ್ಣ ಹೊಡೆಸಲು ಬೀರು ಸರಿಸಿದಾಗ ಹಣದ ಕವರು ಹಳೆಯ ರಿಜಿಸ್ಟರುಗಳ ಹಿಂದೆ ಸಿಕ್ಕಿತು. ಹುಡುಗ ಅಷ್ಟರಲ್ಲಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿಯಾಗಿತ್ತು. ಯಾರೂ ಕರೆಸಲಿಲ್ಲ. ಒಂದು ದಿನ ಸಂತೆಯಲ್ಲಿ ಅವನ ತಾಯಿ ಎದುರಾಗಿ, "ಟೀಚರಮ್ಮ, ನೀವೂ ಕೈ ಎತ್ತಿದ್ರಾ?" ಎಂದು ಕೇಳಿದಳು.

"ಹೆಡ್‌ಮಾಸ್ಟರು ಹಂಗಂತ ಹೇಳಿದ್ರಮ್ಮ" ಎಂದೆ.

ಹದಿನಾಲ್ಕು ವರ್ಷ ನಾನು ನನಗೂ ಅದನ್ನೇ ಹೇಳಿಕೊಂಡಿದ್ದೆ. ಅಯೋವಾದ ಆ ಅಡುಗೆಮನೆಯಲ್ಲಿ, ಪಕ್ಕದವನ ಉತ್ತರ ನೋಡಿ ಬರೆದ ಹುಡುಗನ ಮಾತು ಬಂದಾಗ ಆಕೆ ಬೈದದ್ದು ಬೈಡನ್ನರನ್ನು. ಮುಖ ಕೆಂಪಾದದ್ದು ನನಗೆ.

ಫೆಬ್ರವರಿ ಕೊನೆಗೆ ಊರಿಗೆ ಮರಳಿದೆ. ಇನ್ನೊಂದು ತಿಂಗಳು ತಡವಾಗಿದ್ದರೆ ಕೊರೊನಾದಲ್ಲಿ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದೆ. ಬಂದ ವಾರದಲ್ಲೇ ವಿಚಾರಿಸಿಕೊಂಡು ಆ ತಾಯಿಯ ಮನೆಗೆ ಹೋದೆ. ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. "ಅವತ್ತು ನೀನು ಕೇಳಿದ್ದೆಯಲ್ಲಮ್ಮ, ಹೌದು, ನಾನೂ ಎತ್ತಿದ್ದೆ. ನಿನ್ನ ಮಗ ಬರೆದಿದ್ದನ್ನ ಓದದೆ ಎತ್ತಿದೆ. ನನ್ನದೇ ತಪ್ಪು" ಎಂದೆ.

ಆಕೆ ಕೈ ನಿಲ್ಲಿಸಲಿಲ್ಲ. ಎರಡು ಹಣ್ಣು ಬಿಡಿಸಿ ಬೀಜ ತೆಗೆದು ಪಕ್ಕಕ್ಕೆ ಹಾಕಿದ ಮೇಲೆ, "ಈಗ ಯಾಕ್ ಹೇಳ್ತೀರಿ ಟೀಚರಮ್ಮ? ಅವ್ನಿಗೀಗ ಎರಡು ಮಕ್ಕಳು" ಎಂದಳು. ಸ್ವಲ್ಪ ಹೊತ್ತಿಗೆ, "ಅವನ ಫೋನ್ ನಂಬರ್ ಕೊಡ್ತೀನಿ, ಅವನಿಗೇ ಹೇಳಿ" ಎಂದಳು.

ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದೆ. ಫೋನು ಮಾಡಲು ನನಗೆ ಮತ್ತೆ ಒಂಬತ್ತು ದಿನ ಬೇಕಾಯಿತು. ಆತ ಪೂರ್ತಿ ಕೇಳಿಸಿಕೊಂಡು, "ಆಯ್ತು ಮೇಡಂ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ನನಗೆ ಎಷ್ಟು ಅಂಕ ಕೊಟ್ಟನೋ ತಿಳಿಯದು. ಅದನ್ನು ಕೊಡುವವಳು ನಾನಲ್ಲ ಎಂಬುದಷ್ಟು ತಿಳಿಯಿತು. ಯುದ್ಧಕ್ಕೆ ಕೈ ಎತ್ತಿದವರ ಲೆಕ್ಕವನ್ನೂ ಆ ಮುದುಕಿ ಇಟ್ಟಹಾಗೆ ಇಡಲೇಬೇಕು. ಓದಿ ಎತ್ತಿದರೇ, ತಪ್ಪಾದ ಮೇಲೆ ಯಾರ ಹೆಸರು ಹೇಳಿದರು, ಇವೆರಡನ್ನೂ ಪಕ್ಕದಲ್ಲಿ ಬರೆದಿಡಬೇಕು. ಒಟ್ಟು ಕೂಡಿಸುವ ಕೆಲಸ ಮಾತ್ರ ಗೋಡೆಗೆ ಒರಗಿದ ಕುರ್ಚಿಯಲ್ಲಿ ಕೂತವನದು.